ಹತ್ತರ ಲೆಕ್ಕ

ಹೊಳೆನರಸೀಪುರ ರಸ್ತೆಯ ವೇಬ್ರಿಡ್ಜಿನಲ್ಲಿ ಚೀಟಿ ಕೊಡುವವಳು ನಾನು.
ಲಾರಿ ಹತ್ತುತ್ತದೆ, ಅಂಕಿ ಓಡುತ್ತದೆ, ತೂಗಾಡಿ ನಿಲ್ಲುತ್ತದೆ.
ನಮ್ಮ ಯಂತ್ರದ್ದು ಹತ್ತರ ಲೆಕ್ಕ. ಅದಕ್ಕಿಂತ ಸಣ್ಣದು ಕಾಣದು.
ಕ್ಲೀನರ್ ಹುಡುಗ ಒಳಗೆ ಕೂತಿದ್ದರೆ ಹಿಡಿದುಬಿಡುತ್ತೇನೆ,
ಅವನು ಉಂಡಿದ್ದಾನೋ ಇಲ್ಲವೋ ಹೇಳಲಾರೆ.

ಇನ್ನಾಸಪ್ಪನನ್ನು ಮೊದಲು ಕಂಡದ್ದು
ಬಿತ್ತನೆ ಆಲೂಗಡ್ಡೆ ಇಳಿಯುವ ಮೇ ತಿಂಗಳಲ್ಲಿ,
ಹಾಸನದ ಯಾರ್ಡಿನ ತುಂಬ ಜಲಂಧರದ ಲಾರಿಗಳು.
ಐವತ್ತರ ಮೂಟೆ. ಉಳಿದವರು ಒಂದು ಹೊತ್ತರೆ ಇವನು ಮೂರು,
ತುಟಿಯ ಮೂಲೆಯಲ್ಲಿ ಆರಿದ ಬೀಡಿ.
ಮೇಸ್ತ್ರಿ ಉಗಿದ: “ರೇಟು ಕೆಡಿಸ್ತೀಯಲ್ಲೋ ಗೂಳಿ!”

ಯಾರೋ ಡ್ರೈವರು ಮೊಬೈಲಿನಲ್ಲಿ ತೋರಿಸಿದನಂತೆ:
ಎಲ್ಲೋ ಮಂಜಿನ ದೇಶದಲ್ಲಿ ಗಡ್ಡದವರು
ಗುಂಡುಕಲ್ಲು ಎತ್ತಿ ಕಟ್ಟೆಯ ಮೇಲಿಡುತ್ತಾರೆ, ಅಷ್ಟೆ.
ಆ ಕಲ್ಲು ಯಾವ ಅಂಗಡಿಗೂ ಹೋಗಬೇಕಾದ್ದಲ್ಲ, ಯಾವ ಗೋಡೆಗೂ.
“ಇಳಿಸ್ಕೊಳ್ಳೋರೇ ಇಲ್ದಿರೋ ಲೋಡು, ಅಕ್ಕಾ,” ಅಂದ
ಸ್ವರ್ಗ ಕಂಡುಬಂದವನ ಹಾಗೆ.

ಮದುವೆ ಅಡಿಗೆಯ ಎರಡು ಬಾಣಲೆ ಬಾಯಿಗೆ ಬಾಯಿ ಕೂಡಿಸಿ
ಸಿಮೆಂಟು ಹೊಯ್ದ. ಬಿಡಿಸುವಾಗ ಒಂದು ಸೀಳಿತು,
ಅಡಿಗೆಯವರಿಗೆ ದಂಡ ತೆತ್ತ.
ತಳ್ಳುಗಾಡಿಯಲ್ಲಿ ತಂದು ನನ್ನ ತೂಕದ ಹಲಗೆಗೆ ಉರುಳಿಸಿದ:
ನೂರ ಮೂವತ್ತು.
“ನಾಲ್ಕು ಹೆಚ್ಚಿರಬಹುದು,” ಅಂದೆ.
“ಮೂವತ್ತೇ ಬರೀರಿ. ಮಿಕ್ಕಿದ್ದು ನಡುವಿಗೆ ಗೊತ್ತಿರ್ತದೆ.”

ಆಮೇಲಿನದೆಲ್ಲ ಅವನು ಬಂದಾಗ ಬಂದಾಗ
ಹಳೇ ಚೀಟಿಯ ಬೆನ್ನಿಗೆ ನನ್ನ ಕೈಯಲ್ಲಿ ಬರೆಸಿದ್ದು.
ದಾವಣಗೆರೆ: ಮೂರನೆಯ ಸ್ಥಾನ, ಒಂದು ಮಿಕ್ಸಿ.
ಬೆಳಗಾವಿ: ಬಸ್ಸು ಎಳೆದದ್ದು. ಮೊದಲ ಸ್ಥಾನ. ನಗದು.
ಲುಧಿಯಾನ: ಎರಡನೆಯದು, ಚೆಕ್ಕು ಬೌನ್ಸು.
“ಆಲೂಗಡ್ಡೆ ಬರೋ ದಾರೀಲೇ ವಾಪಸ್ ಬಂದೆ,
ನನ್ನನ್ನ ಇಳಿಸ್ಕೊಳ್ಳೋಕೆ ಯಾವ ಹಮಾಲಿನೂ ಬರ್ಲಿಲ್ಲ.”

ಕಲ್ಲು ಜಾರದಿರಲು ಅಂಟು ಬೇಕು. ಪರದೇಶದ ಡಬ್ಬಿಗೆ ಮೂರು ಸಾವಿರ.
ಹಲಸಿನ ಮೇಣ ಮೆತ್ತಿಕೊಂಡ, ಮೊಣಕೈವರೆಗೆ.
ಕೊಬ್ಬರಿ ಎಣ್ಣೆ ಎಷ್ಟು ತಿಕ್ಕಿದರೂ ಮೂರು ದಿನ
ನೋಟು, ಬಾಗಿಲ ಚಿಲಕ, ಆರೋಗ್ಯಮ್ಮನ ಸೆರಗು
ಎಲ್ಲ ಅವನ ಕೈಗೇ.
ದಿನಕ್ಕೆ ಮೂವತ್ತು ಮೊಟ್ಟೆ ಬೇಯಿಸುತ್ತಿದ್ದಳು ಅವಳು.
“ಕಲ್ಲು ಎತ್ತೋನು ಇವ್ನು, ಮೊಟ್ಟೆ ಅಂಗ್ಡಿ ಸಾಲ ಎತ್ತೋಳು ನಾನು.”
ಆಗ ಅವನು ನನ್ನ ಹಲಗೆಯ ಮೇಲೆ ನಿಂತರೆ ನೂರ ನಲವತ್ತು.

ಟೈರು ಮಗುಚುವಾಗ ಆದದ್ದು, ಕೊಲ್ಲಾಪುರದಲ್ಲಿ.
ಎಡತೋಳಿನ ಮಾಂಸ ಅಂಗಡಿ ಶಟರಿನ ಹಾಗೆ
ಸರ್ರನೆ ಮೇಲಕ್ಕೆ ಸುತ್ತಿಕೊಂಡಿತಂತೆ.
ನೋವಿಗಿಂತ ಮೊದಲು ಸದ್ದು ಬಂತು, ಅಂದ,
ಮತ್ತೆ ಆ ವಿಷಯ ಎತ್ತಲಿಲ್ಲ.
ಕೊಲ್ಲಾಪುರದ್ದನ್ನು ಚೀಟಿಯ ಬೆನ್ನಿಗೆ ಬರೆಸಲೂ ಇಲ್ಲ.

ಕಲ್ಲು ನನ್ನ ಕೋಣೆಯ ಪಕ್ಕ ಬಿದ್ದಿದೆ, ಒಯ್ಯುವವರಿಲ್ಲ.
ಡ್ರೈವರುಗಳು ಅದರ ಮೇಲೆ ಕೂತು ಟೀ ಕುಡಿಯುತ್ತಾರೆ,
ಸಂಜೆ ಇನ್ನಾಸಪ್ಪ ಬಂದರೆ ಎದ್ದು ಜಾಗ ಬಿಡುತ್ತಾರೆ,
ಯಾಕೆಂದು ಹೊಸಬರಿಗೆ ಗೊತ್ತಿಲ್ಲ.
ಈಗ ಅವನು ಯಾರ್ಡಿನಲ್ಲಿ ಮೂಟೆ ಎಣಿಸುತ್ತಾನೆ, ಹೊರುವುದಿಲ್ಲ.
ರೇಟಿನ ವಿಷಯದಲ್ಲಿ ಬಲು ಬಿಗಿ.
ಲಾರಿ ರಸ್ತೆಯಿಂದ ತಿರುಗುವ ಸದ್ದಿಗೇ ಹೇಳುತ್ತಾನೆ:
“ಹದಿನಾರು ಸಾವಿರದ ನಾನೂರು.”
ಯಂತ್ರವೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ.

ನಿನ್ನೆ ಕರೆಂಟು ಹೋಗಿ ಬಂದ ಮೇಲೆ, ಲಾರಿ ಯಾವುದೂ ಇಲ್ಲದಾಗ,
ಸುಮ್ಮನೆ ಹತ್ತಿ ನಿಂತ. ತೊಂಬತ್ತು.
ನಾನು ಏನೂ ಅನ್ನಲಿಲ್ಲ. ಚೀಟಿ ಬೇಡ ಅಂತ ಅವನೇ ಕೈ ಆಡಿಸಿದ.
ಇಳಿದು ಚಪ್ಪಲಿ ಮೆಟ್ಟಿ ರಸ್ತೆ ದಾಟಿದರೂ
ಅಂಕಿ ಸೊನ್ನೆಗೆ ಬರಲಿಲ್ಲ,
ಹತ್ತರಲ್ಲೇ ನಿಂತುಬಿಟ್ಟಿತು.

ಹಲಗೆಯ ಮೇಲೆ ಆಲೂಗಡ್ಡೆ ಮಣ್ಣು ಕೂತಿರಬೇಕು.
ಪೊರಕೆ ತರಲು ಎದ್ದೆ.