ಎಡಮಗ್ಗುಲು

ಈ ಆನೆ ಇರಲೂ ಇಲ್ಲ, ಸಾಯಲೂ ಇಲ್ಲ.
ಆದರೂ ಸಾವಿರ.
ಓಹಾಯೋದಿಂದ ರಟ್ಟಿನ ಡಬ್ಬಿಯಲ್ಲಿ ಬರುತ್ತದೆ ಅದರ ಕೋರೆ,
ಅಡಿಯುದ್ದ, ಅರ್ಧ ಇಂಚು ದಪ್ಪ, ಸೋಪಿನಂತೆ ಚೌಕ.
ಹಾಲಿನ ಕೆನೆಯದೊಂದು ಪದರ, ಅದರ ಮೇಲೆ
ಕೆನೆಗಿಂತ ಒಂದು ದಿನ ಹಳೆಯದಾದ ಬಣ್ಣ,
ಮತ್ತೆ ಕೆನೆ, ಮತ್ತೆ ಹಳತು.
ಸುರಿದವರು ಯಾರೋ, ಅವಸರವಿಲ್ಲದವರು.

ಗರಗಸ ಕಚ್ಚಿದಾಗ ಗುಟ್ಟು ರಟ್ಟು:
ವಾಸನೆ.
ಸೋದರಮಾವ ಯುಸೇಬಿಯೊ ಇದೇ ಮೇಜಿನ ಮೇಲೆ
ನಿಜದ ದಂತ ಕೊಯ್ಯುವಾಗ
ಹಲ್ಲಿನ ಡಾಕ್ಟರ ಕುರ್ಚಿ ನೆನಪಾಗುತ್ತಿತ್ತು,
ಮೂಗು ಮುಚ್ಚಿ ಓಡುತ್ತಿದ್ದೆ.
ಕಾನೂನು ಬಂದ ವರ್ಷ ಉಳಿದ ತುಂಡನ್ನು ಒರೆಸಿ
ಬಟ್ಟೆಯಲ್ಲಿ ಸುತ್ತಿಟ್ಟ. ಎಲ್ಲಿ ಅಂತ ಹೇಳದೆ ಹೋದ.
ಇದಕ್ಕೋ ಉಗುರುಬಣ್ಣದ ಘಾಟು.
ಎಲ್ ಪಾಸೊದ ಬೇಸಗೆಯಲ್ಲೂ ಫ್ಯಾನು ಹಾಕುವಂತಿಲ್ಲ,
ಪುಡಿ ಹಾರಿ ತಂಗಿಯ ರೊಟ್ಟಿಹಿಟ್ಟಿಗೆ ಬೀಳುತ್ತದೆ,
ಆಮೇಲೆ ಅವಳ ಬಾಯಿಗೆ ನಾನು.

ಸೂಜಿ ಕಾಯಿಸಿ ಚುಚ್ಚಿದರೆ
ಅಸಲಿ ಜಪ್ಪಯ್ಯ ಅನ್ನುವುದಿಲ್ಲ,
ನಕಲಿ ಕರಗುತ್ತದೆ.
ಕರಗುವುದು ನಕಲಿಯ ಲಕ್ಷಣವಂತೆ.

ಪಿಸ್ತೂಲಿನ ಬರಿಯ ಚೌಕಟ್ಟಿಗೆ ಲಿಪ್‌ಸ್ಟಿಕ್ ಬಳಿಯುತ್ತೇನೆ,
ಅಗ್ಗದ್ದು, ಕಡುಗೆಂಪು
(ಅಂಗಡಿಯ ಹುಡುಗಿಗೆ ನನ್ನ ಮೇಲೆ ಏನೇನೋ ಗುಮಾನಿ).
ಬಿಲ್ಲೆ ಒತ್ತಿ ತೆಗೆದರೆ
ಕೆಂಪು ಹತ್ತಿದಲ್ಲಿ ಉಬ್ಬು. ಅರದಿಂದ ಎರಡೇ ಎಳೆತ.
ಮತ್ತೆ ಒತ್ತು, ಮತ್ತೆ ಮುತ್ತು,
ಉಕ್ಕು ಹುಸಿಯನ್ನು ಒಪ್ಪುವ ತನಕ
ಮೂವತ್ತು ಸಲ, ನಲವತ್ತು ಸಲ.

ಬಂದವರು ಕೇಳುವುದು ಸಾಮಾನ್ಯವಾಗಿ ಹದ್ದು,
ಪಾಪಾಸುಕಳ್ಳಿಯ ಮೇಲೆ ಕೂತು ಹಾವು ಕಚ್ಚಿದ್ದು.
ಇಲ್ಲವೆ ಹೋರಿಯ ತಲೆ. ಇಲ್ಲವೆ ಹೆಂಡತಿಯ ಮೊದಲಕ್ಷರ,
ಅದನ್ನು ಅಳಿಸಿಕೊಳ್ಳಲು ಇನ್ನೊಮ್ಮೆ ಬರುತ್ತಾರೆ.

ಹಾಲಿಸ್ ವಿಂಬರ್ಲಿ ಕೇಳಿದ್ದು ಬಿರುಕು.

"ಅಪ್ಪನ ಪಿಸ್ತೂಲಿನ ಹಿಡಿ ಅಸಲಿ ದಂತ. ಅದರಲ್ಲೊಂದು ಬಿರುಕಿತ್ತು.
ಅವನು ಹೋದ ಮೇಲೆ ಅಣ್ಣ ಹಿಡಿ ಬಿಚ್ಚಿ ಮಾರಿಕೊಂಡ.
ಕಬ್ಬಿಣ ನನ್ನ ಪಾಲಿಗೆ."
ಅರವತ್ತೆಂಟರ ಮುದುಕ, ಫೋರ್ಟ್ ಸ್ಟಾಕ್ಟನ್ನಿನಿಂದ
ನಾಲ್ಕು ಗಂಟೆ ಗಾಡಿ ಓಡಿಸಿಕೊಂಡು ಬಂದವನು
ಪೆನ್ಸಿಲು ಕೇಳಿದ, ಹಾಳೆ ಬೇಡವೆಂದ,
ಬಲಮಗ್ಗುಲಿನ ಬಿಲ್ಲೆಯ ಮೇಲೇ ಎಳೆದ:
ತಿರುಪಿನಿಂದ ಹೊರಟು ಕೆಳಕ್ಕೆ, ತುಸು ವಾರೆಗೆ,
ಒಂದು ಕಡೆ ಕವಲೊಡೆದು
ಹಿಡಿಯ ಹಿಮ್ಮಡಿಯ ಹತ್ತಿರ ಕೂದಲೆಳೆಯಾಗಿ ಕಳೆದುಹೋಯಿತು.
ಒಮ್ಮೆಯೂ ಅಳಿಸಲಿಲ್ಲ.
ಸ್ವಂತ ಮನೆಯ ದಾರಿ ಹೇಳುವಾಗಲೂ
ಜನ ಇಷ್ಟು ಖಚಿತವಾಗಿರುವುದಿಲ್ಲ.

"ಅಷ್ಟು ಹತ್ತಿರದಿಂದ ನೋಡಿದ್ದಿರಾ?"
"ಊಟದ ಮೇಜು. ಅಪ್ಪ ಎಡಚ.
ಅವನ ತಟ್ಟೆಯ ಎಡಕ್ಕೆ, ಫೋರ್ಕಿನ ಜಾಗದಲ್ಲಿ ಇರುತ್ತಿತ್ತು.
ನನ್ನ ಗದ್ದ ಮೇಜಿಗೆ ಸರಿಯಾಗಿ ಬರುತ್ತಿತ್ತು ಆಗ.
ತಲೆ ಎತ್ತುವ ಹಾಗಿರಲಿಲ್ಲ."

ಇನ್ನೊಂದು ಬಿಲ್ಲೆ ಮುಂದಿಟ್ಟೆ.
ಪೆನ್ಸಿಲು ಹಿಡಿದೇ ಕೂತ.
ಬೀದಿಯಲ್ಲಿ ಐಸ್‌ಕ್ರೀಮಿನ ಗಾಡಿ ಗಂಟೆ ಬಾರಿಸುತ್ತ ಹೋಯಿತು.
"ಆ ಕಡೆ ಗೊತ್ತಿಲ್ಲ. ಅದು ಯಾವಾಗಲೂ
ಮೇಜಿಗೆ ತಾಗಿಕೊಂಡು,
ಇಲ್ಲವೆ ಅವನ ಅಂಗೈಯಲ್ಲಿ."

ಬಿರುಕಿಗೆ ಒಂದು ಮಧ್ಯಾಹ್ನ ಸಾಕು.
ಹೊಲಿಗೆ ಸೂಜಿಯಲ್ಲಿ ಗೀರಿ
ಕಂದು ಬೂಟುಪಾಲಿಷು ತಿಕ್ಕಿ ಒರೆಸಿದರೆ
ಗೀರಿನೊಳಗೆ ನೂರು ವರ್ಷ ಉಳಿದುಕೊಳ್ಳುತ್ತದೆ.
ಎಡಮಗ್ಗುಲನ್ನು ನೀರುಕಾಗದದಲ್ಲಿ ನುಣ್ಣಗೆ ಉಜ್ಜಿ
ಹಾಗೇ ಬಿಟ್ಟೆ.
ಅದಕ್ಕೂ ಹಣ ಎಣಿಸಿದ.

ಬಾಗಿಲಲ್ಲಿ ನಿಂತು ಪಿಸ್ತೂಲು ಮಗುಚಿ
ಏನೂ ಆಗದ ಆ ಬಿಳುಪಿನ ಮೇಲೆ
ಹೆಬ್ಬೆರಳಾಡಿಸಿ ನೋಡಿದ,
ಬಿಸಿಯಿದೆಯೋ ಎಂದು ನೋಡುವ ಹಾಗೆ.

ಗಾಡಿ ಹೊರಟ ಮೇಲೆ ಮೇಜು ಗುಡಿಸಿದೆ.
ಲಿಪ್‌ಸ್ಟಿಕ್ಕಿನ ಮುಚ್ಚಳ ಎಲ್ಲೂ ಸಿಗಲಿಲ್ಲ.