ಕವೆಗೋಲು

ಬಾಳೆಯ ಮೂತಿ ಮುರಿಯಲು ಕತ್ತಿ ಬೇಡ, ಎನ್ನುತ್ತಾಳೆ ಅಮ್ಮ.
ಕತ್ತಿಗೆ ನೆನಪು ಜಾಸ್ತಿ.
ಈ ಗಿಡದಲ್ಲಿ ನೆಕ್ಕಿದ್ದನ್ನು
ಆ ಗಿಡಕ್ಕೆ ಹೇಳಿಬಿಡುತ್ತದೆ.

ಅದಕ್ಕೇ ಈ ಕವೆಗೋಲು.
ಎರಡಾಳುದ್ದ, ತುದಿಯಲ್ಲಿ ಎರಡೇ ಬೆರಳು.
ಕೊನೆಯ ಚಿಪ್ಪು ಮೂಡುವುದನ್ನೇ ಕಾದು
ಕೆಂಪು ಮೂತಿಯನ್ನು ಬೆರಳ ಸಂದಿಗೆ ಸಿಕ್ಕಿಸಿ
ಒಂದು ತಿರುವು.
ಟಪ್.
ಜೇನ್ನೊಣ ಬಂದು ನೋಡುತ್ತದೆ,
ಅಂಗಡಿ ಮುಚ್ಚಿದೆ.

ಮುಲೇಬಾದ ಈ ಗುಡ್ಡದಲ್ಲಿ
ತೋಟಕ್ಕೆ ಕಿಬಾಂಜಾ ಎಂದು ಹೆಸರು.
ಅಡುಗೆಮನೆಯ ಬಾಗಿಲಿಗೇ ಅದರ ಮೊದಲ ಎಲೆ ತಾಗುತ್ತದೆ.
ನಮ್ಮ ಸತ್ತವರೂ ಅಲ್ಲೇ, ಬುಡಗಳ ನಡುವೆ,
ಹುಲ್ಲು ಹೊದ್ದು.

ಮೊದಲ ವರ್ಷ ರೋಗ ಬಂದಾಗ
ಅಪ್ಪನಿಗೆ ಖುಷಿಯಾಗಿತ್ತು:
ಗೊನೆ ಒಂದು ತಿಂಗಳು ಮೊದಲೇ ಹಣ್ಣಾಗಿದೆ!
ಸುಲಿದರೆ ಒಳಗೆ ತುಕ್ಕಿನ ಕಲೆ.
ದಿಂಡು ಕಡಿದರೆ, ಸ್ವಲ್ಪ ತಡೆದು,
ಗಿಣ್ಣದ ಬಣ್ಣದ ಸೋನೆ.

ಬೈಕಿನಲ್ಲಿ ಬಂದ ಆಫೀಸರು ಹೇಳಿದ್ದು ಒಂದೇ ಮಾತು:
ಒಂದು ಗಿಡಕ್ಕೆ ಬಂದರೂ ಇಡೀ ಹಿಂಡನ್ನೇ ಕಿತ್ತು ಹಾಕಿ.
ಆರು ದಿನ ಅಗೆದ ಅಪ್ಪ. ಮೂವತ್ತೊಂದು ಹಿಂಡು.
ಗಡ್ಡೆ ಎದ್ದ ಕಡೆಯೆಲ್ಲ ಹಲ್ಲು ಕಿತ್ತ ವಸಡು.
ಏಳನೆಯ ದಿನ ಗುದ್ದಲಿ
ಅಜ್ಜನ ಗೋರಿಯ ಹತ್ತಿರ ಬಂತು.
ಅಜ್ಜಿ ಒಳಗಿಂದ ಸ್ಟೂಲು ತಂದು
ಆ ಹಿಂಡಿಗೆ ಬೆನ್ನು ಕೊಟ್ಟು ಕೂತಳು.
'ಒಂದು ಕೂಸಿಗೆ ಜ್ವರ ಬಂದರೆ
ತೊಟ್ಟಿಲು ಮನೆ ಎಲ್ಲ ಸುಡುತ್ತೀಯೇನೋ ಲ್ವಕಟಾರೆ?'

ಸೊರಗಿದ್ದ ಒಂದನ್ನಷ್ಟೇ ಮಣ್ಣಿನ ಮಟ್ಟಕ್ಕೆ ಕಡಿದರು.
ಉಳಿದವು ನಿಂತವು.
(ಎಲ್ಲವೂ ಅಲ್ಲ. ಇನ್ನೆರಡು ಆಮೇಲೆ ಹೋದವು.
ಅಮ್ಮ ಲೆಕ್ಕದಲ್ಲಿ ಸುಳ್ಳು ಹೇಳುವುದಿಲ್ಲ.)

ನಾಲ್ಕು ವರ್ಷದ ಮೇಲೆ ಅದೇ ಬೈಕು, ಬೇರೆ ಆಫೀಸರು:
ರೋಗದ ಗಿಡ ಕಂಡ ಕೂಡಲೇ ಅದೊಂದನ್ನೇ ಕಡಿಯಿರಿ,
ಹಿಂಡನ್ನು ಬಿಡಿ, ಹೊಸ ಪದ್ಧತಿ.
ಅಷ್ಟರಲ್ಲಿ ಅಜ್ಜಿಯೂ ಆ ಹಿಂಡಿನ ಕೆಳಗಿದ್ದಳು.
ಅಮ್ಮ ಆಫೀಸರನನ್ನು ಅಲ್ಲಿಗೇ ಕರೆದೊಯ್ದು
'ಇನ್ನೊಮ್ಮೆ ಜೋರಾಗಿ ಹೇಳಿ' ಅಂದಳು.

ಗೊನೆ ಕಡಿಯುವ ಕೂಲಿಗೆ ಮುಟಲೆಮ್ವ ಬರುತ್ತಾನೆ,
ಇಡೀ ಊರಿನ ತೋಟ ಸುತ್ತಿದ ಕತ್ತಿಯೊಂದಿಗೆ.
ಬಟ್ಟೆ ಬೆಳ್ಳಗಾಗಿಸುವ ನೀರಿನ ಬಾಟಲಿಗೆ ದುಡ್ಡು ಬೇಕು,
ಒಲೆ ಹೇಗೂ ಉರಿಯುತ್ತಿದೆ.
ಅಮ್ಮ ಚಹಾಕ್ಕೆ ಇಡುತ್ತಾಳೆ.
ಒಂದು ಕಡೆ ಪಾತ್ರೆ, ಒಂದು ಕಡೆ ಅವನ ಕತ್ತಿಯ ಅಲಗು.
ಮೊದಲ ಸಲ ಅವನು ನಕ್ಕ, 'ಇದಕ್ಕೂ ಚಹಾ ಬೇಕೇ?'
ಮನೆಗೆ ಹೋಗಿ ಹೆಂಡತಿಯ ಹತ್ತಿರ ನಗಲಿಲ್ಲವಂತೆ.
ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ.
ಬಂದಾಗ, ಯಾರೂ ಹೇಳದೆ,
ತಾನೇ ಒಲೆಯ ಮುಂದೆ ಕೂತ.

ಕೆಲವು ವಾಪಸು ಬರಲಿಲ್ಲ.
ಚಿಕ್ಕಮ್ಮನ ಮಗಳ ಮದುವೆಗೆ ಬಾಳೆಕಂದು ಕೊಡಲಿಲ್ಲ ಅಮ್ಮ,
ಸೀರಿನ ಬಟ್ಟೆ ಕೊಟ್ಟಳು.
ಮಣ್ಣು ಮೆತ್ತಿದ ಕಂದನ್ನು ಎದೆಗವಚಿಕೊಂಡು
ಹೊಸ ಮನೆಗೆ ಹೋಗಬೇಕಿದ್ದ ಹುಡುಗಿ
ಬಟ್ಟೆ ಮಡಿಸಿ ಚೀಲದಲ್ಲಿಟ್ಟಳು.
ಜಿಪುಣಿ ಕೊಕುಶುಬಿರಾ ಎಂಬ ಹೆಸರು
ಕೆರೆಯ ಹಾದಿಯಲ್ಲಿ ಇನ್ನೂ ಓಡಾಡುತ್ತಿದೆ.
ಸಿಪ್ಪೆಗೆ ಬರುತ್ತಿದ್ದ ಪಕ್ಕದ ಮೇಕೆಗೂ
ಈಗ ಹಗ್ಗ.

ಇವತ್ತು ಮಧ್ಯಾಹ್ನ
ಅಜ್ಜಿಯ ಹಿಂಡಿನಲ್ಲಿ ಒಂದು ಎಲೆ ಮಡಚಿದೆ.
ಬಿಸಿಲಿಗೂ ಎಲೆ ಮಡಚುತ್ತದೆ.
ಅದಕ್ಕೂ ಮಡಚುತ್ತದೆ.
ಅಮ್ಮ ಮುಟ್ಟಲಿಲ್ಲ, ಕೆಳಗೆ ನಿಂತು
ಒಂದು ಬದಿಯಿಂದ, ಇನ್ನೊಂದು ಬದಿಯಿಂದ ನೋಡಿದಳು.

'ಸಂಜೆಗೆ ಬಿಚ್ಚಿಕೊಂಡರೆ ಬಿಸಿಲು.'

ಹೇಳಿ ಒಳಗೆ ಹೋಗಿ
ಒಲೆಗೆ ಎರಡು ಕಟ್ಟಿಗೆ ಹೆಚ್ಚಿಗೆ ತುರುಕಿ
ಅಲಗನ್ನು ಈಗಲೇ ಇಟ್ಟಳು.