ನಲವತ್ತು ಉಂಡೆ

ಮೇಕೆಮೊಸರಿಗೆ ಉಪ್ಪು ಬೆರೆಸಿ
ಹಳೆಯ ದಿಂಬಿನ ಚೀಲಕ್ಕೆ ಸುರಿದು
ಅಡುಗೆಮನೆ ನಲ್ಲಿಗೆ ನೇತುಹಾಕಿದ್ದೆ, ಮೂರು ರಾತ್ರಿ.
ತೊಟ್ಟು. ತೊಟ್ಟು.
ಹಸ್ಬಯಾದಲ್ಲೀಗ ಕರೆಂಟು ದಿನಕ್ಕೆ ಎರಡೇ ತಾಸು;
ಫ್ರಿಜ್ಜಿನಲ್ಲಿ ಮಗಳು ಶಾಲೆಪುಸ್ತಕ ಇಡುತ್ತಾಳೆ.
ಎಣ್ಣೆಗೆ ಆ ಚಿಂತೆಯಿಲ್ಲ.

ನಾಲ್ಕನೆಯ ಬೆಳಿಗ್ಗೆ ಅಂಗೈಗೆ ಆಲಿವ್ ಎಣ್ಣೆ ಸವರಿಕೊಂಡು
ಗಿಣ್ಣಿನುಂಡೆ ಕಟ್ಟಿದೆ.
ನಲವತ್ತು. ಎರಡು ಸಲ ಎಣಿಸಿದೆ.
ಒಣಗಿದ ಝಾತರ್ ಸೊಪ್ಪಿನ ಪುಡಿಯಲ್ಲಿ ಹೊರಳಿಸಿ
ಗಾಜಿನ ಭರಣಿಗಿಳಿಸಿ, ಒಂದು ಕೆಂಪು ಮೆಣಸಿನಕಾಯಿ ಇಟ್ಟು
ಮುಳುಗುವಷ್ಟು ಎಣ್ಣೆ ಹೊಯ್ದೆ.
ತಮಾಮಳಿಗೆ ಅಂತ.
ಹೋದ ವರ್ಷ ಗಡಿಯ ಆಲಿವ್ ಮರದ ಜಗಳದಲ್ಲಿ
ನಾನಾಡಿದ ಒಂದು ಮಾತು
ಅವಳ ಕಿಟಕಿಯನ್ನು ಇನ್ನೂ ಮುಚ್ಚಿಟ್ಟಿದೆ.
ಎಣ್ಣೆಯೂ ಅದೇ ಮರದ್ದು.

ಸೋಮವಾರ ಮೂವತ್ತೆರಡು.
ರೊಟ್ಟಿಚೂರಿನಲ್ಲಿ ತಟ್ಟೆ ಒರೆಸುತ್ತ ಗಂಡ
"ಉಪ್ಪು ಹಿಡಿದಿದೆಯಾ ಅಂತ ನೋಡಿದೆ" ಎಂದ.
ಎಂಟು ಸಲ ನೋಡಬೇಕಿತ್ತೇ, ನಾಯೆಫ್?
ಬುಧವಾರ ಇಪ್ಪತ್ತೊಂದು:
ಮಗಳ ಗದ್ದದ ಮೇಲೆ ಹಸಿರು ಪುಡಿ,
ಬಾಯಲ್ಲಿ ಮಾತ್ರ ಆಣೆ.
ಶುಕ್ರವಾರ ಕತ್ತಲಲ್ಲಿ, ಮೇಣದಬತ್ತಿಯನ್ನೂ ಹಚ್ಚದೆ,
ಬೆರಳಿಂದ ತಡವುತ್ತ, ನಾನೂ.

ಉಳಿದವು ಹನ್ನೊಂದು.
ಸಣ್ಣ ಭರಣಿಗೆ ಬದಲಾಯಿಸಿದೆ. ತುಂಬಿದ ಹಾಗೆ ಕಂಡಿತು.

ತಮಾಮ್ ಬಾಗಿಲು ತೆರೆದಳು. ಮಾತಿಲ್ಲ.
ಭರಣಿಯನ್ನು ಬಿಸಿಲಿಗೆ ಹಿಡಿದಳು,
ಎಣ್ಣೆಯ ಬಣ್ಣ ಗುರುತಿಸಿದಳೋ ಏನೋ,
ಮುಚ್ಚಳ ತಿರುಗಿಸಿ
ನಿಂತಲ್ಲೇ ಒಂದನ್ನು ಬಾಯಿಗಿಟ್ಟುಕೊಂಡಳು.

"ಉಪ್ಪು ಜಾಸ್ತಿ" ಅಂದಳು.
ಇನ್ನೊಂದು ತೆಗೆದಳು.